ನಿನ್ನೆಯ ಉತ್ತರ

"ನೀವು ಪೇಷಂಟಿಗೆ ಏನಾಗ್ಬೇಕು?"

ಚಿಕ್ಕಮಗಳೂರಿನ ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲಲ್ಲಿ ನರ್ಸ್ ಕೇಳಿದಾಗ ಮಲ್ಲೇಶ ತಬ್ಬಿಬ್ಬಾದ. ಹೆಣ್ಣು ನೋಡಿ ಬಂದು ವಾರವಾಗಿತ್ತು, ಒಳಗೆ ಮಲಗಿದ್ದ ತನುಜಾ ಇನ್ನೂ ಹೂಂ ಅಂದಿರಲಿಲ್ಲ. ಏನಾಗಬೇಕು ಅಂತ ಹೇಳುವುದು?

ನಿನ್ನೆ ಉತ್ತರ ಕೇಳಲೆಂದೇ ಕಳಸದಿಂದ ಸಂಸೆಯ ಅವರ ತೋಟಕ್ಕೆ ಹೋಗಿದ್ದ. ಕಾಫಿ ಗಿಡಗಳ ನಡುವೆ ಅವಳ ಕಾಲಿಗೆ ಇಂಬಳ, ಕಾಡಿನ ಜಿಗಣೆ, ಹತ್ತಿತು. ಅವಳು ಚೀರಿದಳು.

"ಮಲೆನಾಡಿನವ್ರಾಗಿ ಇಂಬಳಕ್ಕೆ ಹೆದರ್ತೀರಾ?" ಎಂದು ಅವನು ಕೇಳಿದ್ದ.

"ಇಂಬಳಕ್ಕಲ್ಲ, ಅದರ ಹಾಗೆ ಹಿಂದೆ ಬೀಳೋರಿಗೆ," ಎಂದು ಓರೆಗಣ್ಣಲ್ಲಿ ನೋಡಿ ನಕ್ಕಿದ್ದಳು. ಆ ನಗುವಿನ ಮುಂದೆ ಪೆದ್ದನಾಗಿ ನಿಂತವನು ಕೇಳಬೇಕಾದ್ದನ್ನೇ ಮರೆತು ವಾಪಸಾಗಿದ್ದ.

ಇಂಬಳ ಕಚ್ಚಿದರೆ ರಕ್ತ ಸೋರುವುದು ಇದ್ದದ್ದೇ. ಮನೆಯವರು ಸುಣ್ಣ ಹಚ್ಚಿ ಸುಮ್ಮನಾದರು. ಬೆಳಿಗ್ಗೆಯೂ ರಕ್ತ ನಿಂತಿರಲಿಲ್ಲ. ವಸಡಿನಲ್ಲೂ ರಕ್ತ, ಮೈ ಕೆಂಡದಂತೆ ಸುಡುತ್ತಿತ್ತು. ಗಾಬರಿಯಾದ ಅವಳ ತಾಯಿ ಪ್ರೇಮಕುಮಾರಿ, ಜೀಪಿದೆಯೆಂದು ಮಲ್ಲೇಶನಿಗೇ ಫೋನ್ ಮಾಡಿದರು.

ರಕ್ತ ಪರೀಕ್ಷೆಯಾದ ಮೇಲೆ ಡಾಕ್ಟರ್ ಮಂಚದ ಪಕ್ಕ ನಿಂತು ಮೆಲ್ಲಗೆ ಹೇಳಿದರು. "ಬ್ಲಡ್ ಕ್ಯಾನ್ಸರ್ ಇರೋ ಹಾಗಿದೆ. ಪ್ಲೇಟ್‌ಲೆಟ್ ತುಂಬಾ ಕಡಿಮೆ, ಈ ಜ್ವರಾನೂ ಅಪಾಯ. ಎರಡಕ್ಕೂ ಈಗ್ಲೇ ಡ್ರಿಪ್ ಹಾಕಿ, ಇವತ್ತೇ ಮಂಗಳೂರಿಗೆ ಕಳಿಸ್ತೀವಿ. ಚಿಕಿತ್ಸೆ ಇದೆ."

"ಇಂಬಳದಿಂದ ಕ್ಯಾನ್ಸರಾ ಡಾಕ್ಟ್ರೇ?" ಮಲ್ಲೇಶ ಕೇಳಿದ.

"ಅಲ್ಲಪ್ಪ. ಅದು ಕಚ್ಚಿ ರಕ್ತ ನಿಲ್ಲದೇ ಹೋಗಿದ್ದಕ್ಕೆ ಕಾಯಿಲೆ ಇವತ್ತೇ ಗೊತ್ತಾಯ್ತು."

ತನುಜಾ ಗೋಡೆಯ ಕಡೆ ಮುಖ ತಿರುಗಿಸಿದಳು. "ಮಲ್ಲೇಶ್ ಅವ್ರೇ, ನಿಮ್ಗೆ ಉತ್ತರ ಬೇಕಿತ್ತಲ್ಲ? ಈ ಸಂಬಂಧ ಬೇಡ. ನೀವು ಹೊರಡಿ."

ಅವನು ಹೊರಗೆ ಬಂದು ಜೀಪ್ ಸ್ಟಾರ್ಟ್ ಮಾಡಿದ, ಆಫ್ ಮಾಡಿದ. ಆ 'ಬೇಡ' ಅವಳದೋ, ಕಾಯಿಲೆಯದೋ? ನಿಂತರೆ ಬೇಡವೆಂದವಳ ಬೆನ್ನು ಬಿದ್ದಂತೆ, ಹೋದರೆ ಕಾಯಿಲೆಗೆ ಹೆದರಿ ಓಡಿದಂತೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಒಳಗೇ ಹೋದ.

"ಒಂದೇ ಮಾತು ಕೇಳ್ತೀನಿ. ನಿನ್ನೆ ಕೇಳಿದ್ರೆ ಏನಂತಿದ್ರಿ?"

ಅವಳ ಕಣ್ಣು ತುಂಬಿತು. "ಹೂಂ ಅಂತಿದ್ದೆ ಮಾರಾಯ್ರೇ. ನೀವು ಕೇಳ್ಲೇ ಇಲ್ವಲ್ಲ!"

"ಹಾಗಾದ್ರೆ ನಂಗೆ ನಿನ್ನೆಯ ಉತ್ತರವೇ ಇರ್ಲಿ."

"ನಾಳೆ ನಾನು ಹೇಗಿರ್ತೀನೋ..."

"ನಂಗೂ ಗೊತ್ತಿಲ್ಲ. ಏನು ಮಾಡ್ಬೇಕು ಅಂತಾನೂ ತಿಳೀತಿಲ್ಲ, ಹೆದರಿಕೇನೂ ಆಗ್ತಿದೆ. ಆದ್ರೆ ಹೋಗೋಕೆ ಮನಸ್ಸಿಲ್ಲ."

ಮಧ್ಯಾಹ್ನ ಆಂಬ್ಯುಲೆನ್ಸ್ ಬಂತು. ಜೊತೆಗೆ ಒಬ್ಬರಿಗೇ ಜಾಗ, ಪ್ರೇಮಕುಮಾರಿ ಹತ್ತಿದರು. ಹಿಂದೆ ಬರಲೋ ಬೇಡವೋ ತಿಳಿಯದೆ ಮಲ್ಲೇಶ ಜೀಪಿನ ಕೀ ಹಿಡಿದು ನಿಂತಿದ್ದ. ಸ್ಟ್ರೆಚರ್ ಮೇಲಿಂದ ತನುಜಾ ತಲೆಯೆತ್ತಿ ಅವನನ್ನು ಹುಡುಕಿದಳು.

"ಘಾಟಿಯಲ್ಲಿ ನಿಧಾನ ಬನ್ನಿ," ಎಂದಳು. "ನಂಗೆ ನೀವು ಬೇಕು."