ಎಡಗಡೆಯ ತಟ್ಟೆ

"ಆ ತಕ್ಕಡಿಗೆ ಮುದ್ರೆ ಮಾತ್ರ ಒತ್ತಬೇಡಿ ಸಾರ್," ಅಂದ ತಕ್ಕಡಿ ರಿಪೇರಿಯವನು. ಮನೆಯ ತಕ್ಕಡಿಗೆ ಎಣ್ಣೆ ಕೊಳ್ಳಲು ಇನ್ಸ್‌ಪೆಕ್ಟರು ಅಂಗಡಿಗೆ ಬಂದಿದ್ದರು; ಅವರ ಮಾತು ಕೇಳಿ ಅವನ ಕೈಯಲ್ಲಿದ್ದ ಅರ ನಿಂತುಹೋಗಿತ್ತು. "ಒರೆಸಿ, ಎಣ್ಣೆ ಬಿಡಿ, ಬೇಕಾದರೆ ಗುಜರಿಗೆ ಹಾಕಿ. ಮುದ್ರೆ ಬೇಡ."

ಇನ್ಸ್‌ಪೆಕ್ಟರು ನಕ್ಕರು. ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಸವೆದು, ನಿವೃತ್ತರಾಗಿ, ಮೊನ್ನೆಯಷ್ಟೇ ಈ ಊರಿನಲ್ಲಿ ಸಾಮಾನು ಇಳಿಸಿದ್ದರು. ಗುಲಗಂಜಿಯಷ್ಟು ವ್ಯತ್ಯಾಸವನ್ನೂ ಬಿಡದವರೆಂದು ವ್ಯಾಪಾರಿಗಳು ಅವರಿಗೆ 'ಗುಲಗಂಜಿ ಸಾಹೇಬ್ರು' ಎಂದು ಹೆಸರಿಟ್ಟಿದ್ದರು. ಅದು ಬೈಗುಳವೆಂದು ಗೊತ್ತಿದ್ದೂ ಅವರು ಬಿರುದಿನಂತೆ ಹೊತ್ತು ತಿರುಗಿದ್ದರು.

"ಒತ್ತಿದರೆ ಏನಾಗುತ್ತಪ್ಪಾ? ತಕ್ಕಡಿ ಎದ್ದು ಓಡಿಹೋಗುತ್ತೋ?"

"ನೀವೀಗ ಇರೋದು ಹಿಂದೆ ಕಾಳಿನ ಮಂಡಿ ಆಗಿದ್ದ ಮನೆ ಸಾರ್. ಮಂಡಿಯವನ ಮಗ ಹಾಸಿಗೆ ಹಿಡಿದಾಗ, ಮಾಟದವನನ್ನ ಕರೆಸಿ ಆ ತಕ್ಕಡಿಯ ಟೊಳ್ಳು ದಂಡಿಗೆಯೊಳಗೆ ಏನೋ ತುಂಬಿಸಿದ್ದನಂತೆ. ಎಡಗಡೆ ಕೂತವನ ತೂಕ ಬಲಗಡೆ ಕೂತವನಿಗೆ ಹರಿದುಹೋಗುತ್ತೆ." ಅವನು ಬೀದಿಯ ಆಚೀಚೆ ನೋಡಿದ. "ಆದರೆ ತೂಕ ಸರಿಯಿದೆ ಅಂತ ಸುಳ್ಳು ಮುದ್ರೆ ಒಂದನ್ನೂ ಒತ್ತದ ಕೈ ಅದಕ್ಕೆ ಮುದ್ರೆ ಹಾಕಬೇಕು. ಅಂಥ ಕೈ ಮಂಡಿಯವನಿಗೆ ಸಿಗಲಿಲ್ಲ. ಮಗ ಉಳಿಯಲಿಲ್ಲ."

"ಅಂದ್ರೆ ಪ್ರಾಮಾಣಿಕನಿಗೆ ಮಾತ್ರ ಮಾಟ ತಗಲುತ್ತೆ ಅನ್ನು! ನಮ್ಮ ಇಲಾಖೆಯವರಿಗೆ ಹೇಳಬೇಕಿತ್ತು, ಎಲ್ಲರೂ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ರು."

ತಮ್ಮ ಮಾತಿಗೆ ತಾವೇ ನಗುತ್ತಾ ಅವರು ಹೊರಟರು. ರಿಪೇರಿಯವನು ನಗಲಿಲ್ಲ.

ಅವರನ್ನು ಈ ಊರಿಗೆ ಕರೆಸಿದವನು ಕಡ್ಡಿ. ಶಾಲೆಯಲ್ಲಿ ಒಂದೇ ಬೆಂಚಿನವನು, ಆಮೇಲೆ ಹೆಂಡತಿಯ ಅಣ್ಣನೂ ಆದವನು. ಚಿಕ್ಕಂದಿನಿಂದಲೂ ಎಲುಬಿನ ಗೂಡಾಗಿದ್ದದ್ದಕ್ಕೆ ಆ ಹೆಸರು. ಹೋದ ವರ್ಷದಿಂದ ಪತ್ರದ ಮೇಲೆ ಪತ್ರ ಬರೆದಿದ್ದ. 'ಬಾರೋ ಭಾವ. ಇಲ್ಲಿಯ ಬಿಸಿಲು ಮೆತ್ತಗೆ, ಬಾವಿ ನೀರು ಕಲ್ಲುಸಕ್ಕರೆ, ಆಸ್ಪತ್ರೆ ಕೂಗಳತೆ ದೂರ. ಮನೆ ದೊಡ್ಡದು, ನಾನೊಬ್ಬನೇ. ದುಡಿದದ್ದು ಸಾಕು, ಮೂವರೂ ಜಗಲಿಯಲ್ಲಿ ಕೂತು ಮುದುಕರಾಗೋಣ.' ಹನ್ನೊಂದು ವರ್ಗಾವಣೆ ಕಂಡ ಮನುಷ್ಯನಿಗೆ, ಇನ್ನು ಎಲ್ಲಿಗೂ ಎದ್ದು ಹೋಗಬೇಕಿಲ್ಲ ಎಂಬುದಕ್ಕಿಂತ ಸಿಹಿಯಾದ ಮಾತು ಯಾವುದಿದೆ? ಇನ್ಸ್‌ಪೆಕ್ಟರು ಆ ಪತ್ರಗಳನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದರು.

ಬಂದು ನೋಡಿದರೆ ಬಾವಿಯ ಮೇಲೆ ಕಲ್ಲುಚಪ್ಪಡಿ. ಆಸ್ಪತ್ರೆಗೆ ಬಸ್ಸಿನಲ್ಲಿ ಎರಡು ಗಂಟೆ. ಜಗಲಿಗೆ ಅಡ್ಡವಾಗಿ ಗೋದಾಮಿನ ಎತ್ತರದ ಗೋಡೆ. ಬಿಸಿಲು ಮೆತ್ತಗಿರುವುದು ಹಾಗಿರಲಿ, ಬಿಸಿಲೇ ಇಲ್ಲ. ಮಟಮಟ ಮಧ್ಯಾಹ್ನವೂ ನಡುಮನೆಯಲ್ಲಿ ದೀಪ ಹಾಕಬೇಕು. ಮುಗ್ಗಿದ ಕಾಳು, ಒದ್ದೆ ಗೋಣಿ, ತುಕ್ಕು, ಇವುಗಳ ವಾಸನೆ ಮೂಗಿನೊಳಗೆ ಬಂದು ಕೂತರೆ ಊಟದಲ್ಲೂ ಬಿಡುತ್ತಿರಲಿಲ್ಲ.

"ಎಲ್ಲೋ ನಿನ್ನ ಕಲ್ಲುಸಕ್ಕರೆ ಬಾವಿ?" ಎಂದು ಕೇಳಿದ್ದರು.

"ನಿನ್ನನ್ನ ಕರೆಸೋಕೆ ಒಂದು ಚಿಟಿಕೆ ಸಕ್ಕರೆ ನಾನೇ ಬೆರೆಸಿದೆ ಭಾವ, ಅಷ್ಟೇ." ಕಡ್ಡಿ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಕ್ವಾರ್ಟರ್ಸಿನ ಬೀಗದ ಕೈ ಒಪ್ಪಿಸಿಯಾಗಿತ್ತು. ಹಿಂತಿರುಗಲು ಬಾಗಿಲಿರಲಿಲ್ಲ. ಸಿಕ್ಕಿದ್ದನ್ನೆಲ್ಲ ತೂಗಿ ನೋಡಿದವರು, ಗೆಳೆಯನ ಪತ್ರಗಳನ್ನು ಮಾತ್ರ ತೂಗದೆ ನಂಬಿದ್ದರು.

ತಕ್ಕಡಿ ನಡುಮನೆಯಲ್ಲೇ ಇತ್ತು. ಮೂಟೆ ತೂಗುವ ತಕ್ಕಡಿ. ಆಳೆತ್ತರದ ಕಬ್ಬಿಣದ ಕಂಬ, ಕಪ್ಪು ದಂಡಿಗೆ, ಸರಪಳಿಯಲ್ಲಿ ನೇತುಬಿದ್ದ ಎರಡು ಹಲಗೆಯ ತಟ್ಟೆ. ಮುಳ್ಳು ಒಂದು ಕೂದಲಿನಷ್ಟು ಬಲಕ್ಕೆ ವಾಲಿತ್ತು. ಅದು ಇನ್ಸ್‌ಪೆಕ್ಟರಿಗೆ ಹಲ್ಲಿನ ಸಂದಿಯ ನಾರಿನಂತೆ ಕಾಡಿತು. ಮೂರನೆಯ ದಿನ ಅಂಗಿಯ ತೋಳು ಮಡಚಿ ಕೂತೇಬಿಟ್ಟರು. ಅರ ಹಿಡಿದರು, ಎಣ್ಣೆ ಬಿಟ್ಟರು, ತೂಕದ ಬಟ್ಟುಗಳನ್ನು ಆ ತಟ್ಟೆಯಿಂದ ಈ ತಟ್ಟೆಗೆ ಬದಲಿಸಿ ನೋಡಿದರು. ಸಂಜೆಯ ಹೊತ್ತಿಗೆ ಮುಳ್ಳು ನಟ್ಟನಡುವೆ ನಿಂತಿತು.

"ಮುದ್ರೆ ಒತ್ತಿದ್ರೆ ಕೆಲಸ ಪೂರ್ತಿ ಆಗ್ತಿತ್ತು," ಅಂದ ಕಡ್ಡಿ.

"ನಿವೃತ್ತನಾದವನು ಒತ್ತಬಾರದು ಕಣೋ. ಅಲ್ಲದೆ ಅಚ್ಚು ಎಲ್ಲಿದೆ?"

"ಇದೆ," ಎಂದಳು ಹೆಂಡತಿ. ಟ್ರಂಕಿನ ತಳದಿಂದ ಬಟ್ಟೆಯಲ್ಲಿ ಸುತ್ತಿದ್ದ ಹಳೆಯ ಅಚ್ಚನ್ನು ತಂದು ಅಂಗೈಯಲ್ಲಿಟ್ಟಳು. ಅವಧಿ ಮುಗಿಯಿತೆಂದು ಇಲಾಖೆ ಬಿಟ್ಟುಕೊಟ್ಟಿದ್ದ ಅಚ್ಚು. "ಮನೆಯೊಳಗಿನ ತಕ್ಕಡಿ, ಯಾರು ಕೇಳ್ತಾರೆ? ಒತ್ತಿ ರೀ. ಕೊನೇ ಸಲ ನಿಮ್ಮ ಕೆಲಸ ನಾನೂ ನೋಡ್ತೀನಿ."

ಮೂವತ್ತನಾಲ್ಕು ವರ್ಷದಲ್ಲಿ ಅವಳು ಅವರ ಕೆಲಸ ನೋಡಬೇಕೆಂದದ್ದು ಅದೇ ಮೊದಲು. ಅವರು ಎದ್ದು ನಿಂತರು. ಮುದ್ರೆಗೆಂದೇ ದಂಡಿಗೆಯ ಕುಳಿಯಲ್ಲಿ ತುಂಬಿದ್ದ ಸೀಸದ ಮೇಲೆ ಅಚ್ಚಿಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು ಹೊಡೆದರು. ಸದ್ದು ದಂಡಿಗೆಯೊಳಗೆ ಹೋಗಿ, ಟೊಳ್ಳಿನಲ್ಲಿ ಯಾರೋ ಉಸಿರೆಳೆದಂತೆ ಮುಗಿಯಿತು.

ಕಡ್ಡಿ ಆಗಲೇ ಬಲಗಡೆಯ ತಟ್ಟೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. "ಬಾರೋ ಭಾವ. ಈ ಕಡ್ಡಿಗಿಂತ ನೀನೆಷ್ಟು ಭಾರ ನೋಡೋಣ."

"ಕೂತ್ಕೊಳ್ಳಿ," ಎಂದು ಹೆಂಡತಿ ಬೆನ್ನ ಮೇಲೆ ಕೈಯಿಟ್ಟಳು.

ರಿಪೇರಿಯವನ ಮಾತು ನೆನಪಾಗಿ ಅವರಿಗೆ ಮತ್ತೆ ನಗು ಬಂತು. ನಗುತ್ತಲೇ ಎಡಗಡೆ ಕೂತರು.

ವಾರದೊಳಗೆ ಮೊದಲ ಗುರುತು ಕಂಡಿತು. ಅವರು ಕೂತರೆ ಹಗ್ಗದ ಮಂಚ ಕಿರ್ರೆನ್ನುವುದನ್ನು ನಿಲ್ಲಿಸಿತು. ಜಗಲಿಯ ಧೂಳಿನಲ್ಲಿ ಹೆಂಡತಿಯ ಹೆಜ್ಜೆ ಮೂಡುತ್ತಿತ್ತು, ತಮ್ಮದು ಮೂಡುತ್ತಿರಲಿಲ್ಲ. ಕನ್ನಡಿಯಲ್ಲಿ ಅದೇ ಹೊಟ್ಟೆ, ಅದೇ ಜೋತ ಗಲ್ಲ. ಅಂಗಿಯ ಗುಂಡಿ ಮೊದಲಿನಷ್ಟೇ ಬಿಗಿ. ಆದರೂ ಬೀದಿಯಲ್ಲಿ ಲಾರಿ ಹಾದರೆ ಅದರ ಗಾಳಿಗೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದರು. ಅತ್ತ ಕಡ್ಡಿಯ ಬೆತ್ತದ ಕುರ್ಚಿ ನರಳತೊಡಗಿತ್ತು. ಅವನ ಕೆಮ್ಮು ನಿಂತಿತ್ತು.

"ಊರಿನ ನೀರು ನಿನಗೆ ಹಿಡೀತಾ ಇಲ್ಲ ಭಾವ," ಎನ್ನುತ್ತಾ ಅವನು ಎರಡನೆಯ ಸಲ ಅನ್ನ ಹಾಕಿಸಿಕೊಂಡ.

ಇನ್ಸ್‌ಪೆಕ್ಟರು ರಿಪೇರಿ ಅಂಗಡಿಗೆ ಹೋಗಿ ಆಳು ತೂಗುವ ಯಂತ್ರದ ಮೇಲೆ ನಿಂತರು. ಎಪ್ಪತ್ತೊಂದು ಕಿಲೋ ಇರಬೇಕಾದಲ್ಲಿ ಮೂವತ್ತೆಂಟು. "ನಿನ್ನ ಯಂತ್ರ ಸುಳ್ಳು," ಎಂದರು. ಬಟ್ಟಿಟ್ಟು ನೋಡಿದರು. ಯಂತ್ರ ನಿಜ ಹೇಳುತ್ತಿತ್ತು. ಮರುದಿನ ಇಪ್ಪತ್ತಾರು. ಅದರ ಮರುದಿನ ಬರೀ ಮೂರು.

"ಒತ್ತಿಬಿಟ್ರಾ?" ರಿಪೇರಿಯವನು ಎರಡು ಹೆಜ್ಜೆ ಹಿಂದೆ ಸರಿದ. "ಬಲಗಡೆ ಯಾರು ಕೂತಿದ್ರು?"

ಇನ್ಸ್‌ಪೆಕ್ಟರು ಹೇಳಿದರು.

"ಹೋದ ವರ್ಷ ಅವರೇ ಬಂದು ನನ್ನ ಹತ್ತಿರ ಈ ತಕ್ಕಡಿ ಕತೆಯೆಲ್ಲ ಕೇಳ್ಕೊಂಡು ಹೋಗಿದ್ರು ಸಾರ್. ಡಾಕ್ಟರು ಕೈ ಬಿಟ್ಟ ಮೇಲೆ. ಅಂಥ ಕೈ ಎಲ್ಲಿ ಸಿಗುತ್ತೆ ಅಂತ ನಾನಂದೆ. ನನ್ನ ಭಾವನ ಕೈ ಇದೆ ಅಂದ್ರು." ಅವನು ತಲೆ ತಗ್ಗಿಸಿದ. "ಅದಕ್ಕೇ ಮುದ್ರೆ ಬೇಡ ಅಂದೆ. ಅವರ ಹೆಸರು ಹೇಳೋ ಧೈರ್ಯ ಆಗಲಿಲ್ಲ."

ಇನ್ಸ್‌ಪೆಕ್ಟರ ಕಿವಿಯಲ್ಲಿ ಪತ್ರಗಳ ಸಾಲುಗಳು ಒಂದೊಂದಾಗಿ ಕೇಳಿಸಿದವು. ಮೆತ್ತನೆಯ ಬಿಸಿಲು. ಕಲ್ಲುಸಕ್ಕರೆ ನೀರು. ಬಾರೋ ಭಾವ.

"ಅಳಿಸೋದು ಹೇಗೆ?"

"ಒತ್ತಿದ ಕೈಯೇ ಆ ಸೀಸ ಕೀಳಬೇಕು. ಬೇಗ ಹೋಗಿ ಸಾರ್. ಹೆಚ್ಚು ಹೊತ್ತಿಲ್ಲ."

ಮಧ್ಯಾಹ್ನದ ಬೀದಿ ಖಾಲಿಯಿತ್ತು. ಗಾಳಿ ಎದ್ದಿತ್ತು. ಗೋಡೆ ಹಿಡಿದು, ಕಿಟಕಿಯ ಸರಳು ಹಿಡಿದು, ಮತ್ತೆ ಗೋಡೆ ಹಿಡಿದು ನಡೆದರು. ಚಪ್ಪಲಿ ಕಾಲಿಗಿಂತ ಭಾರವಾಗಿತ್ತು. ಬಾಗಿಲು ದೂಡಿದರು. ಬಾಗಿಲು ಅಲುಗಲಿಲ್ಲ; ತಾವೇ ಹಿಂದಕ್ಕೆ ಹೋದರು. ಸಂದಿಯಲ್ಲಿ ನುಸುಳಿದರು. ಒಳಗೆ ಕತ್ತಲು. ಮುಗ್ಗಿದ ವಾಸನೆ. ಪಕ್ಕದ ಕೋಣೆಯಲ್ಲಿ ಕಡ್ಡಿಯ ಗೊರಕೆ, ತುಂಬಿದ ಎದೆಯ ಗೊರಕೆ.

ಸುತ್ತಿಗೆ ಸಿಕ್ಕಿತು. ಉಳಿ ಸಿಕ್ಕಿತು. ಕಂಬ ತಬ್ಬಿ ಮೇಲೆ ನೋಡಿದರು. ಸೀಸದ ಮೇಲೆ ತಮ್ಮದೇ ಮುದ್ರೆ. ಸ್ಪಷ್ಟ. ಗುಲಗಂಜಿಯಷ್ಟೂ ದೋಷವಿಲ್ಲ.

ಸುತ್ತಿಗೆ ಬೀಸಿದರು. ಸುತ್ತಿಗೆ ಹೋಗಲಿಲ್ಲ. ಅವರು ಹೋದರು. ಹಿಡಿಯ ಸುತ್ತ ಚಿಂದಿ ಬಟ್ಟೆಯಂತೆ ತಿರುಗಿ ಗೋಡೆಗೆ ತಾಗಿದರು. ನೋವಾಗಲಿಲ್ಲ. ನೋಯುವಷ್ಟು ಭಾರವೂ ಉಳಿದಿರಲಿಲ್ಲ. ಎದ್ದರು. ಉಳಿ ಒತ್ತಿದರು. ಸೀಸ ಜಗ್ಗಲಿಲ್ಲ. ಉಗುರಿನಿಂದ ಕೆರೆದರು. ಗೀರೂ ಬೀಳಲಿಲ್ಲ. ದಂಡಿಗೆಯೊಳಗೆ ಉಸಿರು. ಒಳಕ್ಕೆ. ಒಳಕ್ಕೆ. ಒಳಕ್ಕೆ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಸುತ್ತಿಗೆ ಹಿಡಿಯೇ! ನನ್ನ ಕೈ ಹಿಡಿದು ಹೊಡೆಸು! ನಿನ್ನಣ್ಣ..." ಅಷ್ಟರಲ್ಲಿ ಅವರ ಕಣ್ಣು ಮೂಲೆಯ ಟ್ರಂಕಿನ ಮೇಲೆ ಬಿತ್ತು. ಟ್ರಂಕು ಕಟ್ಟಿದ ದಿನ ನೆನಪಾಯಿತು. ಆ ಅಚ್ಚನ್ನು ಹಳೆಯ ಮನೆಯ ಕಸದ ಡಬ್ಬಿಗೆ ತಾವೇ ಹಾಕಿ ಬಂದಿದ್ದರು. "ಅಚ್ಚು... ನೀನು ಎತ್ತಿಟ್ಟುಕೊಂಡೆಯಾ?"

ಅವಳು ಪಕ್ಕದ ಕೋಣೆಯತ್ತ ನೋಡಿದಳು. ಕಡ್ಡಿಯ ಗೊರಕೆ ಏರಿ ಇಳಿಯುತ್ತಿತ್ತು.

"ಹನ್ನೊಂದು ಊರು," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ಸಲ, ಬಸುರಿಯಿದ್ದಾಗ, ನಾನೊಂದು ಮಾತು ಕೇಳಿದ್ದೆ. ಅಣ್ಣನ ಹತ್ತಿರ ಇರ್ತೀನಿ, ಈ ವರ್ಗಾವಣೆ ನಿಲ್ಲಿಸಿ ಅಂತ. ಆರ್ಡರ್ ಆರ್ಡರೇ ಅಂದ್ರಿ. ಕೂಸು ಹೋದ ದಿನ ನೀವು ಸಂತೆಯಲ್ಲಿ ಯಾರದೋ ತಕ್ಕಡಿ ಹಿಡಿದು ನಿಂತಿದ್ರಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವನು ಅಣ್ಣ." ಅವಳು ಮುಖ ಒರೆಸಿಕೊಂಡಳು. "ನಿಮ್ಮಿಬ್ಬರಲ್ಲಿ ಒಬ್ಬರನ್ನ ಉಳಿಸ್ಕೋ ಅಂದ್ರೆ ನಾನೇನು ಮಾಡಲಿ ರೀ? ನಾನೂ ತೂಗಿ ನೋಡಿದೆ."

ಇನ್ಸ್‌ಪೆಕ್ಟರು ತಕ್ಕಡಿಯತ್ತ ತೆವಳಿದರು. ಯಾಕೆಂದು ಅವರಿಗೂ ತಿಳಿಯದು. ಎಡಗಡೆಯ ತಟ್ಟೆಯನ್ನು ಹತ್ತಿದರು. ಸರಪಳಿ ಮಿಸುಕಲಿಲ್ಲ. ಮುಳ್ಳು ನೋಡಿದರು. ನಟ್ಟನಡುವೆ ನಿಂತಿತ್ತು. ಖಾಲಿ ತಟ್ಟೆಗೂ ಅವರಿಗೂ ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ.

ಹೊರಗೆ ಗಾಳಿ ಜೋರಾಯಿತು. ತೆರೆದ ಕಿಟಕಿಯಿಂದ ಒಂದು ಬೀಸು ಒಳಬಂತು. ಅವರ ಮೈ ಹಲಗೆಯಿಂದ ಒಂದು ಬೆರಳಿನಷ್ಟು ಮೇಲೆದ್ದಿತು.

ಹೆಂಡತಿ ಓಡಿಬಂದು ಕಿಟಕಿ ಮುಚ್ಚಿ ಅಗುಳಿ ಹಾಕಿದಳು. ಮೂಲೆಯಲ್ಲಿದ್ದ ಬಟ್ಟುಗಳಲ್ಲಿ ಒಂದು ಕಿಲೋದ್ದನ್ನು ಆರಿಸಿ, ಮಗುವಿಗೆ ಆಟದ ಸಾಮಾನು ಕೊಡುವಂತೆ ಅವರ ಮಡಿಲಲ್ಲಿಟ್ಟಳು. ಎರಡೂ ಕೈಯನ್ನು ಅದರ ಮೇಲೆ ಜೋಡಿಸಿದಳು.

"ಗಟ್ಟಿಯಾಗಿ ಹಿಡ್ಕೊಳ್ಳಿ," ಅಂದಳು. "ಅಣ್ಣ ಎದ್ದ ಮೇಲೆ ಊಟ ಹಾಕ್ತೀನಿ."