ಬಾಗಿಲ ಸಂದಿಯಲ್ಲಿ ಬಂದ ಹೂವಿನ ಕಾರ್ಡು

"ನನ್ನ ಮಗಳು ಹೋಗಿ ನಿನ್ನೆಗೆ ಒಂದು ವರ್ಷ ಆಯ್ತು. ಇವತ್ತು ಬೆಳಗ್ಗೆ ಅವಳ ಕೈಯ ಹುಟ್ಟುಹಬ್ಬದ ಕಾರ್ಡು ನನಗೆ ಬಂದಿದೆ."

ಕೆಳಮನೆಯ ಟೀಚರಮ್ಮ ನಮ್ಮ ಬಾಗಿಲಲ್ಲಿ ನಿಂತು ಹೀಗೆಂದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅತ್ತೆ ಮಾತ್ರ ಕುರ್ಚಿ ಎಳೆದು, "ಕೂತ್ಕೊಳ್ಳಿ. ಮೊದಲು ನೀರು ಕುಡೀರಿ" ಎಂದರು.

ನನ್ನ ಅತ್ತೆ ಪೊಲೀಸ್ ಇಲಾಖೆಯಲ್ಲಿ ಬೆರಳಚ್ಚು ತಜ್ಞೆಯಾಗಿದ್ದು ನಿವೃತ್ತರಾದವರು. ನಮ್ಮ ಕಟ್ಟಡದಲ್ಲಿ ಯಾರ ಸೈಕಲ್ಲು ಕಳೆದರೂ, ಯಾರ ಬೆಕ್ಕು ಕಾಣೆಯಾದರೂ ಮೊದಲು ಬಡಿಯುತ್ತಿದ್ದುದು ನಮ್ಮ ಬಾಗಿಲು. ಮಕ್ಕಳು ಅವರನ್ನು ಭೂತಗನ್ನಡಿ ಅಜ್ಜಿ ಎನ್ನುತ್ತಿದ್ದರು. ಸೊಸೆಯಾದ ನಾನು ಅವರ ಸಹಾಯಕಿ. ಸಂಬಳವಿಲ್ಲ, ಬೈಗುಳ ಧಾರಾಳ.

ಟೀಚರಮ್ಮ ಸೆರಗಿನೊಳಗಿಂದ ಕಾರ್ಡು ತೆಗೆದರು. ದಪ್ಪ ಕಾಗದದ ಮೇಲೆ ಐದು ಗುಲಾಬಿಗಳು. ರಬ್ಬರ್ ಅಚ್ಚುಗಳನ್ನು ಒಂದರ ಮೇಲೊಂದು ಒತ್ತಿ ಮೂಡಿಸಿದ ಹೂಗಳನ್ನು ಕತ್ತರಿಸಿ, ಪದರ ಪದರವಾಗಿ ಅಂಟಿಸಿದ್ದರು. ಮೂರು ಹೂಗಳು ಈಗಷ್ಟೇ ಅರಳಿದಂತಿದ್ದವು. ಉಳಿದೆರಡರ ಕಾಗದ ಹೆಚ್ಚು ಬೆಳ್ಳಗಿದ್ದರೂ ಬಣ್ಣ ಕದಡಿತ್ತು, ಒಂದು ಮಗ್ಗುಲು ಅಚ್ಚು ಸರಿಯಾಗಿ ಮೂಡಿರಲೇ ಇಲ್ಲ. ಒಳಗೆ ಒಂದಕ್ಷರವೂ ಇರಲಿಲ್ಲ.

"ಅವಳ ಗುಲಾಬಿ ಅಚ್ಚುಗಳು ಪೆಟ್ಟಿಗೆಯಲ್ಲಿಲ್ಲ. ಯಾರೋ ಕದ್ದು ಈ ಆಟ ಹೂಡಿದ್ದಾರೆ" ಎಂದರು ಟೀಚರಮ್ಮ. "ಯಾರೋ ಏನು, ಅವನೇ! ನಿನ್ನೆ ಮನೆಗೆ ಬಂದಿದ್ದ. ಈ ಕೆಲಸ ಗೊತ್ತಿರೋದೂ ಅವನಿಗೇ. ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ."

ಅವನೆಂದರೆ ಆ ಹುಡುಗಿಯನ್ನು ಮದುವೆಯಾಗಬೇಕಿದ್ದವನು. ಇಬ್ಬರೂ ಸೇರಿ ಒಂದು ಸ್ಟೇಷನರಿ ಅಂಗಡಿಯ ಮಹಡಿಯಲ್ಲಿ ಕಾರ್ಡು ಮಾಡುವುದನ್ನು ಕಲಿಸುತ್ತಿದ್ದರು.

"ನಿಮ್ಮ ಯಜಮಾನರು ಏನಂತಾರೆ?" ಅತ್ತೆ ಕೇಳಿದರು.

ಟೀಚರಮ್ಮನ ಮುಖ ಗಂಟಿಕ್ಕಿತು. "ನಮ್ಮಿಬ್ಬರಿಗೆ ಜಗಳ ಬಿಟ್ರೆ ಮಾತೇ ಇಲ್ಲ. ಅಪಘಾತ ಆದ ದಿನ ಸ್ಕೂಟರ್ ಓಡಿಸ್ತಿದ್ದಿದ್ದು ಅವರು. ಜನ್ಮದಲ್ಲಿ ಜೋರಾಗಿ ಓಡಿಸದವರು ಅವತ್ತೊಂದು ದಿನ ಯಾಕೆ ಹಾಗೆ ಓಡಿಸಿದ್ರಿ ಅಂತ ಕೇಳಿದೆ. ಇವತ್ತಿಗೂ ಬಾಯಿ ಬಿಟ್ಟಿಲ್ಲ."

ಅಷ್ಟರಲ್ಲಿ ಆ ಯಜಮಾನರೇ ಬಾಗಿಲಿಗೆ ಬಂದರು. ಹೆಂಡತಿ ಮರೆತು ಬಂದಿದ್ದ ಕನ್ನಡಕವನ್ನು ಎಡಗೈಯಿಂದ ನನ್ನ ಕೈಗಿತ್ತು ಇಳಿದು ಹೋದರು. ಗಡಿಯಾರ ರಿಪೇರಿಯಲ್ಲಿ ಎತ್ತಿದ ಕೈ ಅವರದು. ಅಪಘಾತದ ನಂತರ ಬಲ ಮಣಿಕಟ್ಟು ಸರಿಯಾಗಿ ತಿರುಗದೆ, ಈಗ ಅಂಗಡಿಯಲ್ಲಿ ಬ್ಯಾಟರಿ ಬದಲಿಸುವುದಷ್ಟೇ ಉಳಿದಿತ್ತು.

ಅತ್ತೆ ಭೂತಗನ್ನಡಿ ಹಿಡಿದು ಕೂತರು. "ಬೆರಳಚ್ಚು ಸಿಕ್ತಾ ಅತ್ತೆ?" ಎಂದೆ.

"ಎಲ್ಲಿಂದ ಸಿಗುತ್ತೆ? ಆ ತಾಯಿ ಎದೆಗೊತ್ತಿಕೊಂಡು ಎಲ್ಲಾ ಒರೆಸಿಬಿಟ್ಟಿದ್ದಾಳೆ."

ಚಿಮಟದಿಂದ ಒಂದೊಂದೇ ಹೂವಿನ ಅಂಚನ್ನು ಎತ್ತಿ ನನಗೆ ತೋರಿಸಿದರು. ಚೆಂದದ ಮೂರು ಹೂಗಳ ಕೆಳಗೆ ಕಾಗದ ಹಾಲಿನಂತೆ ಬೆಳ್ಳಗಿತ್ತು. ಕದಡಿದ ಎರಡರ ಕೆಳಗೆ, ಕಾರ್ಡಿನ ಉಳಿದ ಭಾಗದಂತೆಯೇ, ಹಳದಿಗಟ್ಟಿತ್ತು.

ಆಮೇಲೆ ಕೆಳಮನೆಗೆ ಹೋದೆವು. ಮಗಳ ಬೀರುವಿನ ಬೀಗ ಭದ್ರವಾಗಿತ್ತು, ಕೀಲಿ ಟೀಚರಮ್ಮನ ಸರದಲ್ಲೇ ಇತ್ತು. ಅದರೊಳಗಿನ ಅಚ್ಚಿನ ಪೆಟ್ಟಿಗೆಯಲ್ಲಿ ಗುಲಾಬಿಯ ಖಾನೆ ಮಾತ್ರ ಖಾಲಿ. ಅದರ ತಳದಲ್ಲಿ ಮೂಲೆಯಿಂದ ಮೂಲೆಗೆ ಧೂಳು ಕೂತಿತ್ತು. ಅತ್ತೆ ಅದನ್ನೇ ನೋಡುತ್ತ ನಿಂತರು. ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದುಕೊಂಡು, "ಈ ಕೇಸು ನನ್ನ ಹತ್ತಿರ ಬರಬಾರದಿತ್ತು ಕಣೇ" ಎಂದರು.

ಸಂಜೆ ಎಲ್ಲರೂ ನಮ್ಮ ನಡುಮನೆಯಲ್ಲಿ ಸೇರಿದರು. ಹುಡುಗ ಬಾಗಿಲ ಬಳಿಯೇ ಮುದುಡಿ ಕೂತಿದ್ದ. ಗಡಿಯಾರದವರು ಕಿಟಕಿಗೆ ಒರಗಿ ನಿಂತರು.

"ಅಚ್ಚೊತ್ತೋ ಕ್ರಮ ಹೇಳಪ್ಪ" ಎಂದರು ಅತ್ತೆ ಹುಡುಗನಿಗೆ.

"ಮೊದಲು ತಿಳಿ ಬಣ್ಣ, ಅದರ ಮೇಲೆ ಸ್ವಲ್ಪ ಗಾಢ, ಕೊನೆಗೆ ಕಡು ಬಣ್ಣ. ಉಲ್ಟಾ ಒತ್ತಿದ್ರೆ ಕೆಳಗಿನ ಕಡು ಬಣ್ಣ ಕದಡಿ ಹೂವು ಕೆಸರಾಗುತ್ತೆ ಆಂಟಿ."

"ಈ ಎರಡು ಹೂವು ಉಲ್ಟಾ ಒತ್ತಿದವು. ಟೀಚರಮ್ಮ, ಬೇರೆಯವರಿಗೆ ಕಲಿಸೋನು ಇಂಥ ತಪ್ಪು ಮಾಡಲ್ಲ. ಈ ಹುಡುಗನದ್ದೇನೂ ಇಲ್ಲ."

ಹುಡುಗ ಮುಖ ಮುಚ್ಚಿಕೊಂಡ.

"ಅಚ್ಚುಗಳು ಕಳುವಾಗಿಲ್ಲ" ಅತ್ತೆ ಮುಂದುವರಿಸಿದರು. "ಇತ್ತೀಚಿನವರೆಗೆ ಅಲ್ಲಿದ್ದಿದ್ರೆ ಅವುಗಳ ಕೆಳಗೆ ಧೂಳು ಕೂರ್ತಿರಲಿಲ್ಲ. ವರ್ಷದಿಂದ ಆ ಖಾನೆ ಖಾಲಿ. ಅವಳು ಕೊನೇ ಸಲ ಕ್ಲಾಸಿಗೆ ತಗೊಂಡು ಹೋದ ಅಚ್ಚುಗಳು ವಾಪಸ್ ಬರಲೇ ಇಲ್ಲ. ಈ ಕಾರ್ಡೂ ಅಷ್ಟೇ ಹಳೇದು. ಮೂರು ಹೂವಿನ ಕೆಳಗೆ ಕಾಗದ ಬಿಳಿ ಇದೆ, ಅಂದ್ರೆ ಹೊಸ ಕಾಗದಕ್ಕೇ ಅಂಟಿಸಿದ್ದು. ಅವು ನಿಮ್ಮ ಮಗಳ ಕೈಯವೇ. ಆಮೇಲೆ ಕಾರ್ಡು ಎಲ್ಲೋ ಬೆಳಕಿಗೆ ನಿಂತು ಹಳದಿಯಾಗಿದೆ. ಉಳಿದೆರಡು ಹೂವು ಆ ಹಳದಿ ಮೇಲೆ ಮೊನ್ನೆ ಮೊನ್ನೆ ಅಂಟಿಸಿದ್ದು. ಅಂಟಿಸಿದವರ ಕೈ ಒಂದು ಕಡೆ ವಾಲುತ್ತೆ, ಅಚ್ಚು ಸಮನಾಗಿ ಕೂರಲ್ಲ. ಅವಳ ಅಕ್ಷರ ನಕಲು ಮಾಡೋಕೂ ಅವರಿಗೆ ಮನಸ್ಸು ಬಂದಿಲ್ಲ."

ಅತ್ತೆ ಅಲ್ಲಿಗೆ ನಿಲ್ಲಿಸಿದರು. ಟೀಚರಮ್ಮ ನಿಧಾನವಾಗಿ ಕಿಟಕಿಯತ್ತ ತಿರುಗಿದರು.

"ಆಸ್ಪತ್ರೆಯಲ್ಲಿ ಅವಳ ಬ್ಯಾಗು ನಿಮ್ಮ ಕೈಗೆ ಕೊಟ್ರು."

"ಹೂಂ. ಕಾರ್ಡು, ಅಚ್ಚು ಅದರಲ್ಲೇ ಇತ್ತು. ಕಾರ್ಡನ್ನ ಅಂಗಡಿಯಲ್ಲಿ, ಕಿಟಕಿ ಹತ್ತಿರ ಇಟ್ಕೊಂಡಿದ್ದೆ."

"ಮಾರನೇ ದಿನ ನನ್ನ ಹುಟ್ಟುಹಬ್ಬ. ಎರಡು ಹೂವು ಬಾಕಿ ಇತ್ತು." ಟೀಚರಮ್ಮನ ದನಿ ಕುಸಿಯಿತು. "ಅದಕ್ಕೇ ಅವಸರವಾ? ಅವಳೇ ಕೇಳಿದ್ಳಾ?"

"ಬೇಡ ಬಿಡು."

"ಹೇಳ್ರೀ!"

ಅವರು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು. "'ಅಮ್ಮ ಸ್ಕೂಲಿಂದ ಬರೋದ್ರೊಳಗೆ ಮನೆ ಸೇರ್ಬೇಕು, ಸ್ವಲ್ಪ ಜೋರಾಗಿ ಓಡಿಸಪ್ಪಾ' ಅಂದ್ಳು. ಹಿಂದೆ ಕೂತು ನಗ್ತಿದ್ಳು. ನಾನು ಆಗಲ್ಲ ಅನ್ಬೇಕಿತ್ತು. ಅನ್ಲಿಲ್ಲ."

"ಒಂದು ವರ್ಷ ನಿಮ್ಮನ್ನ ಕೊಲೆಗಾರ ಅಂದೆ. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, 'ನನ್ನ ಹುಟ್ಟುಹಬ್ಬಕ್ಕೋಸ್ಕರ ಹೋದ್ಳು' ಅಂತ ನಿನ್ನನ್ನ ನೀನೇ ಬೈಕೋತಿದ್ದೆ. ಅದಕ್ಕಿಂತ ನೀನು ನನ್ನನ್ನ ಬೈಯೋದೇ ವಾಸಿ ಅನ್ನಿಸ್ತು."

"ಮತ್ತೆ ಈಗ್ಯಾಕೆ ತಂದು ಹಾಕಿದ್ರಿ?"

"ನಿನಗೆ ಅಂತ ಮಾಡಿದ್ದಲ್ವಾ? ಇನ್ನು ಇಟ್ಕೊಳ್ಳೋಕೆ ನನ್ನ ಕೈಲಿ ಆಗ್ಲಿಲ್ಲ. ನೀನು ಹುಡುಗನ್ನ ಬೈದೆ ಅಂತ ನನಗೆ ಈ ಸಂಜೆ ಇಲ್ಲಿಗೆ ಬರೋವರೆಗೂ ಗೊತ್ತಿರ್ಲಿಲ್ಲ."

ಟೀಚರಮ್ಮ ಅಳಲಿಲ್ಲ. ಕದಡಿದ ಆ ಎರಡು ಹೂಗಳ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಎದ್ದು ಹುಡುಗನ ತಲೆ ಸವರಿ, "ತಪ್ಪಾಯ್ತು ಮಗನೇ" ಎಂದರು. ಗಂಡನ ಕಡೆ ನೋಡದೆ ಹೊರಗೆ ಹೋದರು.

ಗಡಿಯಾರದವರು ನಿಂತಲ್ಲೇ ನಿಂತಿದ್ದರು. ಅತ್ತೆ ಭೂತಗನ್ನಡಿಯನ್ನು ಸುಮ್ಮನೆ ಒರೆಸುತ್ತಿದ್ದರು. ಅವರ ಕಣ್ಣು ತುಂಬಿದ್ದನ್ನು ನಾನು ಅದೇ ಮೊದಲ ಸಲ ನೋಡಿದೆ.

ಮೆಟ್ಟಿಲ ತಿರುವಿನಿಂದ ಟೀಚರಮ್ಮನ ದನಿ ಕೇಳಿಸಿತು.

"ಬನ್ನಿ. ನಾನೊಬ್ಬಳೇ ಆ ಮನೆಯೊಳಗೆ ಹೋಗಲಾರೆ."