ಕಲ್ಲಿಗೆ ಕಾವು ಕೂತ ಹೇಟೆ

ಬಹಳ ಹಿಂದೆ, ಕೋಳಿ ಕೂಗದಿದ್ದರೆ ಬೆಳಗೇ ಆಗೋದಿಲ್ಲ ಅಂತ ಜನ ನಂಬಿದ್ದ ಕಾಲದಲ್ಲಿ, ಹೊನ್ನಗೆರೆ ಅಂತೊಂದು ರಾಜ್ಯ. ಸಿಂಹಾಸನದ ಮೇಲೆ ಕೂತವನು ರಾಜ. ಅವನನ್ನು ಆಡಿಸುತ್ತಿದ್ದವನು ಕಾಳಭೃಂಗ ಎಂಬ ಮಾಂತ್ರಿಕ. ಒಂದು ಮೊಟ್ಟೆ ನುಂಗಿದರೆ ಅವನ ಮೈಯಿಂದ ಒಂದು ದಿನದ ಮುಪ್ಪು ಇಳಿಯುತ್ತಿತ್ತು. ಮುನ್ನೂರು ವರ್ಷದ ಮುದುಕ, ಮೀಸೆ ಮಾತ್ರ ಮಸಿಗಪ್ಪು!

ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲವಲ್ಲ, ಅದಕ್ಕೇ ಅವನು ಡಂಗುರ ಹೊಡೆಸಿದ: ಇನ್ನು ಯಾವ ಕೋಳಿಯೂ ಕಾವಿಗೆ ಕೂರಕೂಡದು, ಮೊಟ್ಟೆಯೆಲ್ಲ ಅರಮನೆಗೆ, ತಪ್ಪಿದರೆ ತಲೆ ಹೋದೀತು. ನಾಲ್ಕು ವರ್ಷ ಒಂದು ಮರಿಯೂ ಹುಟ್ಟಲಿಲ್ಲ. ಇದ್ದ ಕೋಳಿಗಳೆಲ್ಲ ಮುದಿಯಾದವು. ಮರಿಯೇ ಇಲ್ಲದಿದ್ದರೆ ನಾಳೆ ಮೊಟ್ಟೆ ಎಲ್ಲಿಂದ ಬಂದೀತು? ಆ ಮಹಾಪಂಡಿತನಿಗೆ ಇಷ್ಟು ಹೊಳೆಯಲಿಲ್ಲ ನೋಡಿ.

ಊರ ಕೊನೆಯ ಗುಡಿಸಲಲ್ಲಿ ಪುಟ್ಟೀರಿ ಎಂಬ ಒಂಟಿ ಹೆಂಗಸಿದ್ದಳು. ಹಿತ್ತಿಲಲ್ಲಿ ಮೂರು ಹೇಟೆ, ಒಂದು ಹುಂಜ. ಅವಳ ಬದುಕು ಅಷ್ಟೇ. ಒಂದು ದಿನ ಬೂದುಬಣ್ಣದ ಹೇಟೆ ಸೌದೆ ಮರೆಯ ಹಳೇ ಬಿದಿರುಬುಟ್ಟಿ ಮಂಕರಿಯಲ್ಲಿ ಕೂತದ್ದು ಏಳಲೇ ಇಲ್ಲ. ಮುಟ್ಟಹೋದರೆ ಪುಕ್ಕ ಕೆದರಿ ಕುಕ್ಕಿತು. ಹೊಟ್ಟೆಯಡಿ ಕದ್ದು ಇಟ್ಟ ಏಳು ಮೊಟ್ಟೆ!

ಪುಟ್ಟೀರಿಗೆ ತಲೆ ಹೋಗುವ ಡಂಗುರ ನೆನಪಾಯಿತು. ಕಾವು ಬಿಡಲಿ ಎಂದು, ಹಳಬರು ಮಾಡುವ ಹಾಗೆ, ಕೋಳಿಯನ್ನು ತಣ್ಣೀರಿಗೆ ಅದ್ದಿದಳು. ಅದು ಮೈ ಕೊಡವಿ, ಹೋಗಿ ಮತ್ತೆ ಕೂತಿತು.

ಸುದ್ದಿ ಅರಮನೆ ಮುಟ್ಟಿತು. ಮೊದಲ ಸಲ ಬಂದ ಅರಮನೆಯ ಆಳು ಕೈಗೆ ಕುಕ್ಕಿಸಿಕೊಂಡು ಹಿಂದಿರುಗಿದ. ಎರಡನೇ ಸಲ ಮಾಂತ್ರಿಕನ ಮಾತಾಡುವ ಹದ್ದೇ ಬಂತು. ಎದ್ದರೆ ಸರಿ, ಇಲ್ಲದಿದ್ದರೆ ಸೀಳುತ್ತೇನೆ ಎಂದಿತು. ಹೇಟೆ ಎದ್ದಿತು, ನಿಜ. ಎದ್ದು ಹದ್ದಿನ ಮೂತಿಗೇ ಹಾರಿತು. ಹದ್ದು ಕಕ್ಕಾಬಿಕ್ಕಿಯಾಗಿ ಪರಾರಿ. ಹೇಟೆ ಹೋಗಿ ಮತ್ತೆ ಕೂತಿತು.

ಪುಟ್ಟೀರಿಗೆ ನಾಚಿಕೆಯಾಯಿತು. ಗೇಣುದ್ದದ ಕೋಳಿ ಅಂಜಲಿಲ್ಲ, ಆಳೆತ್ತರದ ನಾನು ಅಂಜಿ ಇದನ್ನು ನೀರಿಗೆ ಅದ್ದಿದೆನಲ್ಲ, ಥೂ ನನ್ನ ಜನ್ಮಕ್ಕೆ ಅಂದುಕೊಂಡಳು.

ಮೂರನೇ ಸಲ ಕಾಳಭೃಂಗನೇ ಬಂದ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ನನ್ನ ಕೋಳಿ ಕಾವಿಗೆ ಕೂತದೆ. ನಾನು ಎಬ್ಬಿಸಾಕಿಲ್ಲ."

ಅವನು ನಕ್ಕು, ತನ್ನ ಮಂತ್ರಬಲವನ್ನೆಲ್ಲ ಸುರಿದು ಏಳು ಮೊಟ್ಟೆಯನ್ನೂ ಕಲ್ಲು ಮಾಡಿದ. ಇಪ್ಪತ್ತೊಂದು ದಿನದಲ್ಲಿ ಕಲ್ಲು ಮರಿಯಾಗದಿದ್ದರೆ ಇಬ್ಬರ ತಲೆಯೂ ತನ್ನದು ಎಂದ. ಅರಮನೆಯಲ್ಲಿ ಕೂತು ಉಣ್ಣುವವನಿಗೆ ಕಾವಿನ ಕೋಳಿಯ ಹಟ ಏನು ಗೊತ್ತು? ಅದು ಕಲ್ಲು ಕೊಟ್ಟರೂ ಕೂರುತ್ತದೆ. ಹೇಟೆ ಒಂದೊಂದೇ ಕಲ್ಲನ್ನು ಕೊಕ್ಕಿನಿಂದ ಹೊರಳಿಸಿ ಎದೆಯಡಿ ಎಳೆದುಕೊಂಡಿತು.

ಅಕ್ಕಪಕ್ಕದವರು ಓಡಿಹೋಗು ಎಂದು ಗೋಗರೆದರು. ಪುಟ್ಟೀರಿ ಅವರನ್ನೇ ಬೈದು, ಮಂಕರಿಯ ಬಳಿ ರಾಗಿ, ನೀರು ಇಟ್ಟಳು.

ಕಲ್ಲಿನೊಳಗೆ ಇದ್ದದ್ದು ಮಾಂತ್ರಿಕನದೇ ಬಲವಲ್ಲವೇ? ಕಲ್ಲು ಬೆಚ್ಚಗಾದಂತೆ ಅವನ ಮೈಯೂ ಕಾದಿತು. ಹತ್ತನೇ ದಿನ ಅಂಗೈ ಸುಟ್ಟಿತು. ಹದಿನೈದನೇ ದಿನ ಕೊಳಕ್ಕಿಳಿದು ಕೂತ, ನೀರೇ ಕುದಿಯಿತು. ಇಪ್ಪತ್ತೊಂದನೇ ದಿನ ಬೆಳಗ್ಗೆ ಒದ್ದೆ ಬಟ್ಟೆ ಸುತ್ತಿಕೊಂಡು ಅವಳ ಬಾಗಿಲಿಗೆ ಬಂದು, ಕೈಮುಗಿದ.

"ಅದನ್ನು ಎಬ್ಬಿಸು ತಾಯಿ, ಕೇಳಿದ್ದು ಕೊಡ್ತೀನಿ."

"ಅದು ನನ್ನ ಮಾತು ಕೇಳಿ ಕೂತಿದ್ದಲ್ಲ ಸ್ವಾಮಿ. ನಿಮ್ಮ ಮಾತು ಕೇಳಿ ಏಳಾದೂ ಇಲ್ಲ."

ಅಷ್ಟರಲ್ಲಿ ಮಂಕರಿಯಲ್ಲಿ ಚಿಂವ್ ಎಂದಿತು. ಕಲ್ಲು ಬಿರಿದು ಏಳು ಮರಿ ಹೊರಬಂದವು. ಮಂತ್ರ ಒಡೆಯಿತು. ಕಳೆದುಕೊಂಡಿದ್ದ ಮುಪ್ಪೆಲ್ಲ ಒಂದೇ ಸಲ ಮೈಗೇರಿ, ಕಾಳಭೃಂಗ ಹೊಸ್ತಿಲಾಚೆ ಒಂದು ಗುಡ್ಡೆ ಬೂದಿಯಾದ.

ರಾಜ ಡಂಗುರ ಹೊಡೆಸಿ ಮಾಂತ್ರಿಕನ ಅಪ್ಪಣೆ ಹಿಂತೆಗೆದ. ಆ ವರ್ಷ ಮನೆಮನೆಯಲ್ಲೂ ಕೋಳಿ ಕಾವಿಗೆ ಕೂತವು, ಹಿತ್ತಿಲು ತುಂಬ ಮರಿ ಓಡಾಡಿದವು, ಜನ ಹೊಟ್ಟೆತುಂಬ ಉಂಡು ಸುಖವಾಗಿದ್ದರು. ಮರಿ ಹುಟ್ಟಿದ ಮರುದಿನ ಪುಟ್ಟೀರಿ ಬಾಗಿಲ ಬೂದಿ ಗುಡಿಸಲು ಪೊರಕೆ ಹಿಡಿದು ಬಂದವಳು ಹಾಗೇ ನಿಂತಳು. ಮೂರು ಹೇಟೆಗಳೂ ಅದರಲ್ಲಿ ಬಿದ್ದು ಹೊರಳಾಡಿ, ಮೈಯ ಹೇನು ಉದುರಿಸಿಕೊಳ್ಳುತ್ತಿದ್ದವು.